ಗಾಡಿಮನೆಯನ್ನು ಮಲಗಿಸಿದ ಆರು ಭಾನುವಾರಗಳು

ಈ ಫೆಬ್ರುವರಿಯ ಮೊದಲ ಭಾನುವಾರ ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಬಸ್ಸಿಳಿದ ಕೂಡಲೇ ನನಗೆ ಐದು ಸೀನು ಬಂದವು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೊತ್ತ ಲಾರಿಗಳು ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗುವ ಜಾಗ ಅದು. ಹಂಗಾಮಿನಲ್ಲಿ ಅಲ್ಲಿಯ ಧೂಳಿಗೂ ಕೆಂಪು ಹತ್ತಿರುತ್ತದೆ. ವಾಸನೆ ಅಷ್ಟೇನೂ ಖಾರವಲ್ಲ. ಬಿಸಿಲಲ್ಲಿ ಒಣಗಿದ ಯಾವುದೋ ಹಣ್ಣಿನ ಹಾಗೆ, ಸ್ವಲ್ಪ ಸಿಹಿ. ಐದನೆಯ ಸೀನಿನ ಹೊತ್ತಿಗೆ ನನ್ನ ಬೆನ್ನು ತಾನಾಗಿ ನೋಯತೊಡಗಿತು. ಎರಡು ವರ್ಷದ ಹಿಂದಿನ ನೋವು ಅದು, ವಾಸನೆಯ ಬೆನ್ನುಹತ್ತಿ ಬಂದಿತ್ತು.

ಹೆಗಲ ಚೀಲದಲ್ಲಿ ಮೂರು ವಸ್ತುಗಳಿದ್ದವು: ಶೆಡ್ಡಿನ ಬೀಗದ ಕೈ, ಎರಡು ವರ್ಷದ ಹಿಂದಿನ ಡೈರಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅಂಗೈ ಅಗಲದ ತಂತಿ ಜಾಲರಿ. ದೊಡ್ಡಪ್ಪ, ದೊಡ್ಡವ್ವ ಬ್ಯಾಡಗಿಯಿಂದ ಆಟೋದಲ್ಲಿ ಬರುವವರಿದ್ದರು. ಅವರು ಬರುವತನಕ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತು ಡೈರಿ ತೆರೆದೆ.

ಆರು ಭಾನುವಾರ. ಜನವರಿ ಹದಿನಾಲ್ಕರಿಂದ ಫೆಬ್ರುವರಿ ಹದಿನೆಂಟರವರೆಗೆ. ಪಟ್ಟಿಯಲ್ಲಿ ಮೂವತ್ತಾರು ಸಾಲು, ಆಮೇಲೆ ಸೇರಿಸಿದ್ದೊಂದು. ಎಲ್ಲದರ ಮುಂದೆಯೂ ಸರಿ ಗುರುತು. ಅದರಲ್ಲಿ ಒಂದು ಗುರುತು ಸುಳ್ಳು. ಅದು ನನಗೊಬ್ಬಳಿಗೇ ಗೊತ್ತೆಂದು ಎರಡು ವರ್ಷ ನಂಬಿದ್ದೆ.

ನನ್ನ ದೊಡ್ಡಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ನಾನು ಕಾಲೇಜಿಗೆ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುತ್ತಿದ್ದದ್ದು ಅವನ ಬಸ್ಸಿನಲ್ಲೇ. ನಾನು ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ, ಹೊರಡುವ ಹೊತ್ತಾಗಿದ್ದರೂ ಗೇರು ಸಿಗದವನಂತೆ ಒಂದು ನಿಮಿಷ ತಡಕಾಡುತ್ತಿದ್ದ. ನಿವೃತ್ತನಾದ ವರ್ಷ ದೊಡ್ಡವ್ವ ಒಂದು ಮಾತು ಆಡಿದಳಂತೆ: "ಊರ ಮಂದೀನೆಲ್ಲಾ ಊರೂರಿಗೆ ಮುಟ್ಟಿಸಿದಿ. ನನ್ನನ್ನ ಹೊಸರಿತ್ತಿ ದಾಟಿಸಲಿಲ್ಲ." ಹೊಸರಿತ್ತಿ ಅವಳ ತವರು. ಆ ಮಾತು ಅವನಿಗೆ ನಾಟಿತು. ಯಾವುದೋ ಶಾಲೆಯವರು ಮಾರಲಿಟ್ಟಿದ್ದ ಹಳೆಯ ಮಿನಿ ಬಸ್ಸು ತಂದ. ರಾಣೆಬೆನ್ನೂರಿನ ದಾವಲಸಾಬ್ ಮೇಸ್ತ್ರಿ ಒಳಗಿನ ಸೀಟು ಕಿತ್ತು ಇಬ್ಬರಿಗೆ ಹಾಸಿಗೆ, ಅಡಿಗೆ ಕಟ್ಟೆ, ಸಿಂಕು, ತಲೆಯ ಮೇಲೆ ನೂರು ಲೀಟರಿನ ಟಾಕಿ, ಹಿಂದೆ ಪುಟ್ಟ ಪಾಯಖಾನೆ ಕೂಡಿಸಿಕೊಟ್ಟರು. ದೊಡ್ಡವ್ವ ಅದಕ್ಕೆ ಗಾಡಿಮನೆ ಎಂದು ಹೆಸರಿಟ್ಟಳು.

ನಾಲ್ಕು ವರ್ಷದಲ್ಲಿ ಹನ್ನೊಂದು ಪ್ರವಾಸ, ನೂರಾ ಅರವತ್ತೆಂಟು ರಾತ್ರಿ. ಲೆಕ್ಕ ನನ್ನದೇ. ಅವರು ಎಲ್ಲಿ ನಿಂತರೂ ಸಂಜೆ ನನಗೆ ಫೋನು ಮಾಡಿ ಊರ ಹೆಸರು ಹೇಳಬೇಕು, ನಾನು ಬರೆದುಕೊಳ್ಳಬೇಕು, ಅದೊಂದು ರೂಢಿಯಾಗಿತ್ತು. ದೊಡ್ಡವ್ವ ಹೋದ ಕಡೆಯಿಂದೆಲ್ಲ ಒಂದೊಂದು ಕಸಬರಿಗೆ ತರುತ್ತಿದ್ದಳು. "ದೇವರ ಫೋಟೋ ಎಲ್ಲಾ ಕಡೆ ಒಂದ ಇರ್ತಾವ. ಕಸಬರಿಗಿ ಮಾತ್ರ ಊರಿಗೊಂದು ನಮೂನಿ ನೋಡು," ಎನ್ನುತ್ತಿದ್ದಳು.

ಹನ್ನೆರಡನೆಯ ಪ್ರವಾಸಕ್ಕೆ ಸಾಮಾನು ತುಂಬುತ್ತಿದ್ದ ಡಿಸೆಂಬರಿನಲ್ಲಿ ದೊಡ್ಡಪ್ಪನ ಬಲಗಣ್ಣಿನ ಮುಂದೆ ಕಪ್ಪು ಸೆರಗು ಇಳಿಯಿತು. ಕಣ್ಣಿನ ಒಳಪರದೆ ಬಿಟ್ಟುಕೊಂಡಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಎಡಗಣ್ಣು ಮೊದಲೇ ಮಂಜು. ಆಪರೇಷನ್ ಆಯಿತು. ಹನ್ನೆರಡು ದಿನ ಬೋರಲು ಮಲಗಿದ್ದ. ಎರಡು ವರ್ಷ ಸ್ಟೇರಿಂಗು ಮುಟ್ಟಬೇಡಿ, ಇನ್ನೂ ಆಪರೇಷನ್ ಬೇಕಾಗಬಹುದು, ಆಮೇಲೆ ನೋಡೋಣ ಎಂದರು. ದೃಷ್ಟಿ ಹೋಗಿದೆ ಎನ್ನಲಿಲ್ಲ, ಬರುತ್ತದೆ ಎಂದೂ ಅನ್ನಲಿಲ್ಲ.

ಅದೇ ವಾರ ಹಾವೇರಿಯಿಂದ ಒಬ್ಬ ಗಾಡಿ ಕೇಳಲು ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಎಗ್‌ರೈಸ್ ಅಂಗಡಿ ಮಾಡುವವನು. ದೊಡ್ಡಪ್ಪ ಕೊಡುವ ಮನಸ್ಸು ಮಾಡಿದ್ದ. ಚಹಾ ತಂದ ದೊಡ್ಡವ್ವ ತಟ್ಟೆ ಕೆಳಗಿಟ್ಟು, "ಕಣ್ಣು ಹೋದದ್ದು ನಿನಗ. ಗಾಡಿಗಲ್ಲ," ಎಂದಳು. ಬಂದವನು ಚಹಾ ಕುಡಿದು ಎದ್ದ.

ಅವನು ಹೋದ ಮೇಲೆ ದೊಡ್ಡಪ್ಪ ನನ್ನ ಕಡೆ ಕಪ್ಪು ಕನ್ನಡಕ ತಿರುಗಿಸಿದ. "ಎರಡು ವರ್ಷ ನಿಂತ ಗಾಡಿ ಗುಜರಿ ಆಗ್ತೈತಿ, ದಾಕ್ಷಿ. ಡಿಪೋದಾಗ ಎಷ್ಟು ನೋಡೇನಿ. ರಬ್ಬರು ಒಡಿತೈತಿ, ತಗಡು ತಿಂತೈತಿ, ಇಲಿ ಮನಿ ಮಾಡ್ತಾವ. ನಿಲ್ಲಿಸೂದು ಅಂದ್ರ ಬಿಟ್ಟು ಬರೂದಲ್ಲ. ಪದ್ಧತಿ ಪ್ರಕಾರ ಮಲಗಿಸಬೇಕು. ನಾ ಎದ್ದಾಗ ಅದೂ ಎದ್ದರ ಸಾಕು." ಆಮೇಲೆ, "ನನಗ ಕಾಣಂಗಿಲ್ಲ. ನೀ ಪಟ್ಟಿ ಮಾಡು," ಎಂದ.

ನನ್ನ ಕೆಲಸವೇ ಎಣಿಕೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಮೊಳಕೆ ಎಣಿಸುತ್ತೇನೆ. ಒದ್ದೆ ಕಾಗದದಲ್ಲಿ ನಾನೂರು ಬೀಜ ಸುತ್ತಿಟ್ಟು, ದಿನ ತುಂಬಿದ ಮೇಲೆ ಬಿಚ್ಚಿ, ನಾಲ್ಕು ಅಂಕಣಗಳಲ್ಲಿ ಬರೆಯುವುದು: ಸರಿ ಮೊಳಕೆ, ಸೊಟ್ಟ ಮೊಳಕೆ, ಗಟ್ಟಿ ಕಾಳು, ಸತ್ತ ಕಾಳು. ಆ ಜನವರಿಯಲ್ಲಿ ಮುಂಗಾರಿನ ಬೀಜದ ಸ್ಯಾಂಪಲ್ಲು ಗುಡ್ಡೆ ಬಿದ್ದಿದ್ದವು. ಇಬ್ಬರು ಮಾಡುವ ಕೆಲಸಕ್ಕೆ ನಾನೊಬ್ಬಳೇ. ವಾರದ ಆರು ದಿನ ಬಗ್ಗಿ ಎಣಿಸಿ, ಏಳನೆಯ ದಿನ ಮೋಟೆಬೆನ್ನೂರಿನ ಬಸ್ಸು ಹತ್ತುವಾಗ ಕಂಡಕ್ಟರನ ಅಂಗಿಯ ಗುಂಡಿಗಳನ್ನೂ ಎಣಿಸುತ್ತಿದ್ದೆ. ಬೇಡವೆಂದರೂ ಎಣಿಕೆ ನಿಲ್ಲುತ್ತಿರಲಿಲ್ಲ. ಡೈರಿಯ ಆ ಪುಟಗಳಲ್ಲಿ ಅಕ್ಷರ ಕೂಡ ಬಾಗಿದೆ.

ಮೊದಲ ಭಾನುವಾರ ಬರಿದು ಮಾಡುವುದೇ ಆಯಿತು. ಗಾಡಿಯನ್ನು ದಾವಲಸಾಬರು ಓಡಿಸಿಕೊಂಡು ಬಂದು ಈ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಶೆಡ್ಡು ದೊಡ್ಡಪ್ಪನ ಗೆಳೆಯನದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಆ ವರ್ಷ ಅವನ ಮಾಲೆಲ್ಲ ಶೀತಲಗೃಹಕ್ಕೆ ಹೋಗಿ ಶೆಡ್ಡು ಖಾಲಿ ಇತ್ತು. ಎಷ್ಟು ಗುಡಿಸಿದರೂ ನೆಲದ ಸೀಳುಗಳಲ್ಲಿ ಕೆಂಪು ಪುಡಿ ಉಳಿದೇ ಇತ್ತು. ತಾಟು ಆರು, ಲೋಟ ಏಳು, ಚಮಚ ಒಂಬತ್ತು, ಕಂಬಳಿ ನಾಲ್ಕು, ಉಪ್ಪಿನಕಾಯಿಯ ಭರಣಿ ಒಂದು, ಕಸಬರಿಗೆ ಹದಿಮೂರು. ಪ್ರವಾಸ ಹನ್ನೊಂದು, ಕಸಬರಿಗೆ ಹದಿಮೂರು ಹೇಗೆ ಎಂದು ಕೇಳಿದೆ.

"ಎರಡು ಕಡೆ ಎರಡೆರಡು ಚಂದ ಇದ್ದುವು," ಎಂದಳು ದೊಡ್ಡವ್ವ. "ಅದನ್ನೂ ಬರಕೊಂಡ್ಯಾ? ನಾಳೆ ನಾ ಸತ್ತರ ನನ್ನ ಹಲ್ಲು ಎಣಿಸಿ ಬರಿತೀ ನೀ."

ಎರಡನೆಯ ಭಾನುವಾರ ನೀರು. ಟಾಕಿ ಬರಿದು ಮಾಡಿ, ನಲ್ಲಿಗಳನ್ನೆಲ್ಲ ತೆರೆದಿಟ್ಟು, ಕೊಳವೆಯೊಳಗೆ ಉಳಿದ ನೀರನ್ನು ಸೈಕಲ್ ಪಂಪಿನಿಂದ ಊದಿ ತೆಗೆದೆವು. ಪಂಪು ಹೊಡೆದವಳು ನಾನು, ಕೊಳವೆಯ ತುದಿಗೆ ಕಿವಿ ಕೊಟ್ಟವನು ದೊಡ್ಡಪ್ಪ. "ಇನ್ನೂ ಗುಳುಗುಳು ಅನ್ನಾಕತ್ತೈತಿ, ಹೊಡಿ." ಸಾವಿರದ ಇನ್ನೂರು ಸಲ ಹೊಡೆದೆ. ಉತ್ಪ್ರೇಕ್ಷೆಯಲ್ಲ, ಡೈರಿಯಲ್ಲಿದೆ. ಸಿಂಕಿನ ಕೆಳಗಿನ ಕೊಳವೆಯನ್ನು ಪೂರ್ತಿ ಬಿಚ್ಚಿ ತೆಗೆದದ್ದೂ ಅವತ್ತೇ. ಅದರಿಂದ ಗಾಡಿಯ ತಳದಲ್ಲಿ ಅಂಗೈ ಅಗಲದ ಒಂದು ತೂತು ಉಳಿಯಿತು.

ಒಳಗೆ ಒಂದು ಹನಿಯೂ ಉಳಿಯಬಾರದು ಎಂಬ ವಿಷಯದಲ್ಲಿ ದೊಡ್ಡವ್ವ ದೊಡ್ಡಪ್ಪನಿಗಿಂತ ಕಟ್ಟುನಿಟ್ಟು. ಅವಳ ತವರಿನಲ್ಲಿ ಹಿಂದೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ಇಡುತ್ತಿದ್ದರು. "ತಳಕ್ಕ ಹುಲ್ಲು, ಸುತ್ತಲೂ ಹುಲ್ಲು, ಬಾಯಿಗೆ ಮಣ್ಣು. ಹಸಿ ಇದ್ದದ್ದು ಒಂದು ಬೊಗಸಿ ಒಳಗ ಹೋತಂದ್ರ ಇಡೀ ಹಗೇವು ಮುಗ್ಗಸ್ತೈತಿ ಅಂತಿದ್ದ ನಮ್ಮಪ್ಪ." ಹೊದಿಸಲು ನಾನು ಪ್ಲಾಸ್ಟಿಕ್ಕಿನ ತಾಡಪಾಲು ತರಬೇಕೆಂದಿದ್ದೆ. ಅವಳು ಬಿಡಲಿಲ್ಲ. ಉಸಿರಾಡುವ ಬಟ್ಟೆಯೇ ಬೇಕೆಂದು ಹಳೆಯ ಜಮಖಾನೆಗಳನ್ನು ಹೊಲಿದು ಒಂದು ಮಾಡಿದಳು. ತೇವದ ಬೀಜವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಸಾಯುತ್ತದೆ ಎಂದು ಲ್ಯಾಬಿನಲ್ಲಿ ಹೊಸಬರಿಗೆ ಹೇಳಿಕೊಡುವವಳು ನಾನೇ. ಭಾನುವಾರದ ಹೊತ್ತಿಗೆ ಆ ತಿಳಿವಳಿಕೆ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಭಾನುವಾರ ದಾವಲಸಾಬರು ಬಂದರು. ಎಂಜಿನ್ ಆಯಿಲ್ ಬದಲಿಸಿದರು. ಖಾಲಿ ಜಾಗದಲ್ಲಿ ತೇವ ಕೂಡಿ ತುಕ್ಕು ಹಿಡಿಯದಂತೆ ಡೀಸೆಲ್ ಟಾಕಿ ಕಂಠಮಟ್ಟ ತುಂಬಿಸಿದರು. ಬ್ಯಾಟರಿ ಬಿಚ್ಚಿ ಮನೆಗೆ ಕಳಿಸಿದರು. ಚಕ್ರಗಳ ಮೇಲೆ ಭಾರ ಬೀಳದಂತೆ ಜಾಕ್ ಹಚ್ಚಿ ಎತ್ತಿ, ನಾಲ್ಕೂ ಮೂಲೆಗೆ ಕಟ್ಟಿಗೆ ದಿಮ್ಮಿ ಕೊಟ್ಟರು. ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ನಿಂತ ಗಾಡಿಯ ಸುತ್ತ ದೊಡ್ಡಪ್ಪ ಕೈ ಸವರುತ್ತ ಒಂದು ಸುತ್ತು ಬಂದ. ಚಕ್ರವೊಂದನ್ನು ತಳ್ಳಿದ. ಅದು ಸುಮ್ಮನೆ ತಿರುಗಿತು. ಎಲ್ಲಿಗೂ ಹೋಗದ ಚಕ್ರದ ಸದ್ದು ಕೇಳುತ್ತ ನಿಂತ.

"ಡ್ರೈವರ್ ಸಾಹೇಬ್ರ, ಹಡದಾಕಿಗೂ ಯಾರೂ ಇಷ್ಟು ಬಾಣಂತನ ಮಾಡಂಗಿಲ್ಲ ಬಿಡ್ರಿ," ಎಂದರು ದಾವಲಸಾಬರು, ಕೈ ಒರೆಸಿಕೊಳ್ಳುತ್ತ.

"ಹಡದಾಕಿ ಮೂರು ತಿಂಗಳಿಗೆ ಎದ್ದು ಕೆಲಸಕ್ಕ ಹೊಕ್ಕಾಳ, ಸಾಹೇಬ್ರ," ಎಂದಳು ದೊಡ್ಡವ್ವ. "ಇದು ಎರಡು ವರ್ಷ ಮಲಗಾಕ ಹೊಂಟೈತಿ. ಸುಮ್ನ ಆ ದಿಮ್ಮಿ ಗಟ್ಟಿ ಐತೇನ ನೋಡ್ರಿ."

"ಅಕ್ಕಾರ, ನಿಮ್ಮ ಮನಿ ಜಂತಿಗಿಂತ ಗಟ್ಟಿ ಐತಿ."

"ನಮ್ಮ ಮನ್ಯಾಗ ಜಂತಿ ಎಲ್ಲೈತಿ? ಆರ್‌ಸಿಸಿ."

ಐದನೆಯ ಭಾನುವಾರದ ಹೆಸರು ಡೈರಿಯಲ್ಲಿ "ತೂತುಗಳು" ಎಂದಿದೆ. ಇಲಿ ನುಗ್ಗಬಹುದಾದ ಬಾಯಿ ಒಂಬತ್ತು. ಹೊಗೆ ಕೊಳವೆ, ಗಾಳಿ ಕಿಂಡಿ, ಗ್ಯಾಸಿನ ಪೈಪು ಬರುವ ದಾರಿ, ಹೀಗೆ. ಒಂಬತ್ತಕ್ಕೂ ತಂತಿ ಜಾಲರಿ ಕೂಡಿಸಿ ಸ್ಕ್ರೂ ಬಿಗಿಯಬೇಕು. ಜಾಲರಿಯನ್ನು ರಾಣೆಬೆನ್ನೂರಿನಲ್ಲಿ ನಾನೇ ಅಳತೆ ಹೇಳಿ ತಂದಿದ್ದೆ. ಎಂಟು ತೂತು ಮುಗಿದಾಗ ಜಾಲರಿಯೂ ಮುಗಿದಿತ್ತು. ಒಂಬತ್ತನೆಯದು ಸಿಂಕಿನ ಕೆಳಗಿನದು, ಪಟ್ಟಿಯ ಇಪ್ಪತ್ತೊಂಬತ್ತನೆಯ ಸಾಲು. ಅಳತೆ ಹಾಕುವಾಗ ಕೊಳವೆ ಬಿಚ್ಚಿದ್ದು ಮರೆತಿದ್ದೆ.

ನಾನಾಗ ಅಡಿಗೆ ಕಟ್ಟೆಯ ಕೆಳಗೆ ಅರ್ಧ ಒಳಗೆ ಅರ್ಧ ಹೊರಗೆ ಮಲಗಿದ್ದೆ. ಹೊರಗೆ ದೊಡ್ಡಪ್ಪ, ದೊಡ್ಡವ್ವ ಬುತ್ತಿ ಬಿಚ್ಚುತ್ತಿದ್ದರು. ಕೈಗೆ ದೊಡ್ಡವ್ವನ ಹಳೆಯ ಸೀರೆಯ ತುಂಡು ಸಿಕ್ಕಿತು. ಸುರುಳಿ ಸುತ್ತಿ ತೂತಿಗೆ ತುರುಕಿದೆ. ಬರುವ ವಾರ ಜಾಲರಿ ತಂದು ಹಾಕಿದರಾಯಿತು ಎಂದುಕೊಂಡೆ. ಎದ್ದು ಬಂದು, ಒಂದೇ ಸಲಕ್ಕೆ ಒಂಬತ್ತೂ ಸಾಲಿಗೆ ಸರಿ ಗುರುತು ಎಳೆದೆ.

ಆ ವಾರ ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲಿನ ಲೆಕ್ಕ ತಾಳೆಯಾಗದೆ ಮೊದಲಿನಿಂದ ಪರೀಕ್ಷೆ ಮಾಡಬೇಕಾಯಿತು. ಅದರ ಗಡಿಬಿಡಿಯಲ್ಲಿ ಜಾಲರಿ ನೆನಪಾಗಲೇ ಇಲ್ಲ. ಭಾನುವಾರ ಬಸ್ಸಿನಲ್ಲಿ ಕೂತು ಕಾಕೋಳ ದಾಟಿದಾಗ ನೆನಪಾಯಿತು. ಬಸ್ಸಿಳಿದು ವಾಪಸು ಹೋಗಬಹುದಿತ್ತು. ಹೋದರೆ ಆ ದಿನ ಮುಗಿಯುವುದಿಲ್ಲ, ಮುಗಿಯದಿದ್ದರೆ ಏಳನೆಯ ಭಾನುವಾರ ಬರಬೇಕು. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡೆ.

ಫೆಬ್ರುವರಿ ಹದಿನೆಂಟು. ದೊಡ್ಡಪ್ಪನ ಒಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಮೊದಲಿನಿಂದ ಓದಿಸುತ್ತಿದ್ದ. ನಾನು ಒಂದೊಂದೇ ಸಾಲು ಓದಬೇಕು. ಅವನು ಆಯಾ ಜಾಗಕ್ಕೆ ಕೈ ಇಟ್ಟು ನೋಡಿ, ಕಂಡಕ್ಟರು ಬಸ್ಸು ಬಿಡಿಸುವ ಹಾಗೆ "ರೈಟ್" ಅನ್ನಬೇಕು. ಅನ್ನುವವರೆಗೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಅವತ್ತು ದಾವಲಸಾಬರೂ ಇದ್ದರು, ಬಾಗಿಲ ಹತ್ತಿರ ನಿಂತು ಎಲೆ ಹಾಕಿಕೊಳ್ಳುತ್ತ.

"ಇಪ್ಪತ್ತೆಂಟು. ಗ್ಯಾಸಿನ ಪೈಪಿನ ದಾರಿ, ಜಾಲರಿ."

"ರೈಟ್."

"ಇಪ್ಪತ್ತೊಂಬತ್ತು. ಸಿಂಕಿನ ತಳದ ತೂತು." ನನ್ನ ದನಿ ನನಗೇ ಬೇರೆ ಕೇಳಿಸಿತು. "ಜಾಲರಿ."

ದೊಡ್ಡಪ್ಪ ಮೊಣಕಾಲೂರಿ ಕಟ್ಟೆಯ ಕೆಳಗೆ ತೋಳು ಚಾಚಿದ. ಡಾಕ್ಟರು ಬಗ್ಗಬಾರದು ಎಂದಿದ್ದರಿಂದ ಮುಖ ಮೇಲೆ ಮಾಡಿಯೇ ಇದ್ದ, ಕಪ್ಪು ಕನ್ನಡಕ ಗಾಡಿಯ ಸೂರು ನೋಡುತ್ತಿತ್ತು. ಕೈ ಅಲ್ಲಿಯತನಕ ಮುಟ್ಟಿತೋ ಇಲ್ಲವೋ ನನಗೆ ಕಾಣಲಿಲ್ಲ. ಒಂದು ಕೆಮ್ಮು ಕೆಮ್ಮಿದ.

"ಮಾಲು ಸಿಕ್ತೇನ್ರಿ ಒಳಗ?" ಎಂದು ನಕ್ಕರು ದಾವಲಸಾಬರು.

"ರೈಟ್," ಎಂದ ದೊಡ್ಡಪ್ಪ. ಎದ್ದ.

ನಾನು ಮೂವತ್ತು ಓದಿದೆ. ಮೂವತ್ತಾರರವರೆಗೂ ನಿಲ್ಲದೆ ಓದಿದೆ. ಮುಗಿಯಿತು ಎಂದು ಡೈರಿ ಮುಚ್ಚುತ್ತಿದ್ದಾಗ ದೊಡ್ಡಪ್ಪ, "ಇನ್ನೊಂದು ಸಾಲು ಬರಿ. ಮೂವತ್ತೇಳು. ಮೆಣಸಿನಕಾಯಿ," ಎಂದ.

"ಯಾತಕ್ಕ?" ಎಂದಳು ದೊಡ್ಡವ್ವ.

"ಇಲಿಗೆ."

ದಾವಲಸಾಬರು ಬಾಯಲ್ಲಿದ್ದ ಎಲೆ ಉಗುಳಿ ಬಂದರು. ಬಾಯಿ ತುಂಬ ನಗಬೇಕಿತ್ತು ಅವರಿಗೆ. "ಸಾಹೇಬ್ರ, ನಿಮ್ಮ ಬ್ಯಾಡಗಿ ಕಾಯಿಗೆ ಇಲಿ ಅಂಜ್ತಾವೇನ್ರಿ? ಹಾಕೂದಾದ್ರ ಗುಂಟೂರಿಂದು ಹಾಕ್ರಿ. ಇದರ ಬಣ್ಣ ನೋಡಿ ಇಲಿ ಕುಂಕುಮ ಅಂತ ಹಚಗೊಂಡು ಹೋದಾವು!"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಾಯಿಗೆ ಬಣ್ಣದ ಹೆಸರು, ಖಾರದ್ದಲ್ಲ. ಇದು ಬ್ಯಾಡಗಿಯ ಮಗುವಿಗೂ ಗೊತ್ತು. ಆದರೆ ಅದನ್ನು ರಾಣೆಬೆನ್ನೂರಿನವರ ಬಾಯಿಂದ ಕೇಳಲು ಬ್ಯಾಡಗಿಯವರು ಯಾರೂ ತಯಾರಿರುವುದಿಲ್ಲ. ದೊಡ್ಡಪ್ಪನ ಮುಖ ಬಿಗಿಯಿತು. "ನೀ ಟೊಮೇಟೋ ಬೀಜದ ಊರಾಂವ. ಕಾಯಿ ಸುದ್ದಿ ನಮಗ ಬಿಡು," ಎಂದ. ಅಲ್ಲಿಂದಲೇ ಗೆಳೆಯನಿಗೆ ಫೋನು ಮಾಡಿ, ಗುಡಿಸಿದ ಕಸವಲ್ಲ, ಒಳ್ಳೆಯ ಕಡ್ಡಿ ತಳಿಯ ಕಾಯಿಯೇ ಬೇಕೆಂದು ಹೇಳಿ ತರಿಸಿದ. ದೊಡ್ಡವ್ವ ಗೊಣಗುತ್ತ ಹಳೆಯ ಪಂಜೆಯಲ್ಲಿ ನಾಲ್ಕು ಗಂಟು ಕಟ್ಟಿದಳು. ಮೂರನ್ನು ನಾನು ಇಟ್ಟೆ. ದೊಡ್ಡದೊಂದನ್ನು ದೊಡ್ಡಪ್ಪ ತಾನೇ ತೆಗೆದುಕೊಂಡು ಮತ್ತೆ ಮೊಣಕಾಲೂರಿ ಸಿಂಕಿನ ಕೆಳಗೆ ಒತ್ತಿ ಇಟ್ಟ.

ಡೈರಿಯಲ್ಲಿ ಅಂದಿನ ಕೊನೆಯ ಸಾಲು ಹೀಗಿದೆ: "೩೭. ಮೆಣಸಿನಕಾಯಿ, ನಾಲ್ಕು ಗಂಟು. ದಾವಲಸಾಬರ ಆಕ್ಷೇಪ. ದೊಡ್ಡಪ್ಪನ ಹಟ. ಮುಗಿಯಿತು." ಮುಗಿಯಿತು ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಮರುದಿನ ಸೋಮವಾರ ಊಟದ ಬಿಡುವಿನಲ್ಲಿ ಹೋಗಿ ಅಂಗೈ ಅಗಲದ ಜಾಲರಿ ಕೊಂಡು ತಂದೆ. ಶೆಡ್ಡಿಗೆ ಬೀಗ ಬಿದ್ದಿತ್ತು, ಬೀಗದ ಕೈ ಬ್ಯಾಡಗಿಯಲ್ಲಿ ದೊಡ್ಡಪ್ಪನ ಮನೆಯಲ್ಲಿತ್ತು. ಕೇಳಬೇಕೆಂದರೆ ಯಾಕೆಂದು ಹೇಳಬೇಕು. ಹೊದಿಸಿ, ಕಟ್ಟಿ, ಎಲ್ಲ ರೈಟ್ ಎಂದಾದ ಮೇಲೆ ಹೇಗೆ ಹೇಳುವುದು? ಬರುವ ವಾರ, ಬರುವ ತಿಂಗಳು ಎನ್ನುತ್ತ ಜಾಲರಿ ನನ್ನ ಟ್ರಂಕಿನಲ್ಲಿ ಉಳಿಯಿತು. ಪ್ರತಿ ತಿಂಗಳು ಬ್ಯಾಡಗಿಗೆ ಹೋಗಿ ಬ್ಯಾಟರಿ ಚಾರ್ಜು ಮಾಡಿ ಬರುತ್ತಿದ್ದೆ, ಅದಕ್ಕೂ ದಿನಾಂಕಗಳಿವೆ. ಆ ಮನೆಯ ಗೋಡೆಯ ಮೊಳೆಗೆ ನೇತುಬಿದ್ದ ಬೀಗದ ಕೈ ಪ್ರತಿ ಸಲವೂ ಕಣ್ಣಿಗೆ ಬೀಳುತ್ತಿತ್ತು.

ಈ ಎರಡು ವರ್ಷದಲ್ಲಿ ದೊಡ್ಡಪ್ಪನಿಗೆ ಇನ್ನೂ ಎರಡು ಆಪರೇಷನ್ ಆದವು. ಹೋದ ಮಳೆಗಾಲದಲ್ಲಿ ಡಾಕ್ಟರು ಖಚಿತ ಹೇಳಿದರು. ಬೆಳಕು ಕಾಣುತ್ತದೆ, ಮನುಷ್ಯರ ಆಕಾರ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಪ್ರತಿ ತಿರುವಿಗೂ ಅವನ ಬಲಗಾಲು ನೆಲವನ್ನು ಮೆತ್ತಗೆ ಒತ್ತುತ್ತಿತ್ತು.

ನಾನು ವ್ಯಾನು ಓಡಿಸಲು ಕಲಿತು ಲೈಸೆನ್ಸ್ ತೆಗೆದದ್ದು ಅದೇ ಸುಮಾರಿಗೆ. ಕಂಪನಿಯ ಹೊಲಗಳಿಗೆ ಓಡಾಡಲು ಬೇಕಾಗುತ್ತದೆ ಎಂದು ಹೇಳಿಕೊಂಡಿದ್ದೆ. ದೊಡ್ಡವ್ವ ನಂಬಲಿಲ್ಲ. ಈ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೈಗಿಡುತ್ತ, "ಹಗೇವು ತುಂಬಿದವರು ತೆಗೀಬೇಕು ಅಂತ ತುಂಬ್ತಾರ. ಎರಡು ವರ್ಷ ಆತಲಾ? ಬಾ, ತೆಗಿಯೂಣು," ಎಂದು ಮೊಳೆಯ ಮೇಲಿನ ಬೀಗದ ಕೈ ತೆಗೆದು ಕೊಟ್ಟಳು.

ಆಟೋ ಬಂತು. ಹಿಂದೆಯೇ ತಮ್ಮ ಸ್ಕೂಟರಿನಲ್ಲಿ ದಾವಲಸಾಬರು. ನಾಲ್ವರೂ ಸೇರಿ ಜಮಖಾನೆ ಬಿಚ್ಚಿದೆವು. ಬಾಗಿಲು ತೆರೆದು ನಾನು ಹತ್ತಲು ಹೋದಾಗ ದೊಡ್ಡವ್ವ ತೋಳು ಹಿಡಿದಳು. "ನಿಲ್ಲು. ಒಳಗಿನ ಗಾಳಿ ಹೊರಗ ಹೋಗಲಿ ಮೊದಲ." ಹಗೇವಿಗೆ ಇಳಿಯುವ ಮೊದಲು ಹಾಗೆ ಕಾಯುತ್ತಿದ್ದರಂತೆ. ಕಾದೆವು. ಆ ಸಿಹಿ ವಾಸನೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಇಲಿಯ ಉಚ್ಚೆಯದು.

ಹಾಸಿಗೆಯ ಹತ್ತಿ ಕಿತ್ತು ಮೂಲೆಯಲ್ಲಿ ಗೂಡು ಮಾಡಿದ್ದವು. ಎಲ್ಲ ಕಡೆ ಕೆಂಪು ಪುಡಿ. ಅಡಿಗೆ ಕಟ್ಟೆಯ ಮೇಲೆ, ಡ್ರೈವರ್ ಸೀಟಿನ ಮೇಲೆ, ಕನ್ನಡಿಯ ಚೌಕಟ್ಟಿನ ಮೇಲೆ ಕೂಡ ಸಣ್ಣ ಸಣ್ಣ ಕೆಂಪು ಹೆಜ್ಜೆ. ಮೆಣಸಿನಕಾಯಿಗಳ ಒಳಗಿನ ಬೀಜ ತಿಂದು ಸಿಪ್ಪೆ ಬಿಟ್ಟಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ವಯರುಗಳು ಶಾವಿಗೆಯ ಹಾಗೆ ಕತ್ತರಿಸಿ ಬಿದ್ದಿದ್ದವು.

ದಾವಲಸಾಬರು ಒಂದು ಸುತ್ತು ನೋಡಿದರು. ನಗುವ ಹಕ್ಕು ಅವರಿಗಿತ್ತು, ನಗಲಿಲ್ಲ. ದೊಡ್ಡವ್ವನೇ ಮೊದಲು ನಕ್ಕಳು. "ಎರಡು ವರ್ಷ ಓಕುಳಿ ಆಡ್ಯಾವ ನೋಡು!"

"ಹೆಂಗೈತಿ?" ಎಂದ ದೊಡ್ಡಪ್ಪ ಕೆಳಗಿನಿಂದ.

"ವಯರಿಂಗ್ ಪೂರಾ ಹೊಸಾದು ಮಾಡಬೇಕ್ರಿ. ಒಂದು ತಿಂಗಳ ಕೆಲಸ," ಎಂದರು ದಾವಲಸಾಬರು. ಎಂಜಿನ್ನಿನ ಮುಚ್ಚಳ ಎತ್ತಿ, ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡಿದರು. ಅದು ತಿರುಗಿತು. "ಎಂಜಿನ್ ಹೂವಿನಂಗೈತಿ. ಟೈರು ಚೊಲೋ ಅದಾವ. ತಗಡಿಗೆ ತುಕ್ಕಿಲ್ಲ. ಇಲಿ ಒಂದು ಬರದಿದ್ರ ಇವತ್ತ ಹೊಡ್ಕೊಂಡು ಹೋಗಬಹುದಿತ್ತು."

"ನನ್ನ ಹಟದಿಂದ ಆತು," ಎಂದ ದೊಡ್ಡಪ್ಪ. "ನೀ ಹೇಳಿದ್ದಿ. ಗುಂಟೂರು ಕಾಯಿ ಹಾಕಬೇಕಿತ್ತು."

ದಾವಲಸಾಬರು ವಯರಿನ ಅಳತೆ ಬರೆದುಕೊಳ್ಳಲು ಮುಂದಿನ ಕ್ಯಾಬಿನ್ನಿಗೆ ಹೋದರು. ನಾನು ಸಿಂಕಿನ ಕೆಳಗೆ ಬಗ್ಗಿ ನೋಡಿದೆ. ಸೀರೆಯ ತುಂಡು ಎಳೆ ಎಳೆಯಾಗಿತ್ತು. ತೂತಿನೊಳಗಿಂದ ಶೆಡ್ಡಿನ ನೆಲ ಕಾಣುತ್ತಿತ್ತು. ಕೆಳಗಿಳಿದು ದೊಡ್ಡಪ್ಪನ ಮುಂದೆ ನಿಂತೆ.

"ದೊಡ್ಡಪ್ಪ, ಕಾಯಿದ್ದಲ್ಲ ತಪ್ಪು. ಇಪ್ಪತ್ತೊಂಬತ್ತನೇ ಸಾಲು. ಅಲ್ಲೆ ನಾ ಜಾಲರಿ ಹಾಕಿರಲಿಲ್ಲ. ಅರಿವಿ ತುರುಕಿ ಗುರುತು ಹಾಕಿದ್ದೆ."

ಅವನು ಕನ್ನಡಕ ತೆಗೆದು ಪಂಜೆಯ ಅಂಚಿನಿಂದ ಒರೆಸಿದ.

"ಗೊತ್ತು."

"ಯಾವಾಗಿಂದ?"

"ಅವತ್ತ. ಕೈಗೆ ಅರಿವಿ ಸಿಕ್ತು. ನಿಮ್ಮ ದೊಡ್ಡವ್ವನ ಸೀರಿ ಅನ್ನೂದೂ ಗೊತ್ತಾತು."

"ಮತ್ತ ರೈಟ್ ಅಂದಿ?"

"ದಾವಲಸಾಬ ನಿಂತಿದ್ದ. ಅವನ ಮುಂದ ನಿನ್ನ ಪಟ್ಟಿ ತಪ್ಪೈತಿ ಅಂತ ಹೆಂಗ ಅನ್ನಲಿ?" ಕನ್ನಡಕವನ್ನು ಮತ್ತೆ ಹಾಕಿಕೊಂಡ. "ನಿನ್ನ ದನಿ ಕೇಳಿದ್ನೆಲಾ. ಭಾಳ ದಣದಿದ್ದಿ. ಇನ್ನೊಂದು ಭಾನುವಾರ ಬಾ ಅನ್ನಾಕ ಮನಸ್ಸು ಬರಲಿಲ್ಲ. ಅದಕ್ಕ ಕಾಯಿ ಬರಿ ಅಂದೆ. ಏನರ ಒಂದು ಅಡ್ಡ ಇರಲಿ ಅಂತ."

"ಕಾಯಿಗೆ ಇಲಿ ಅಂಜಂಗಿಲ್ಲ ಅಂತ ಗೊತ್ತಿತ್ತೇನ?"

"ನಾ ಬ್ಯಾಡಗ್ಯಾಗ ಹುಟ್ಟೇನಿ," ಎಂದ ದೊಡ್ಡಪ್ಪ.

ದೊಡ್ಡವ್ವ ಗಾಡಿಯ ಒಳಗೆ ಕಸಬರಿಗೆ ಹುಡುಕುತ್ತಿದ್ದಳು. ಹದಿಮೂರನ್ನೂ ಎರಡು ವರ್ಷದ ಹಿಂದೆ ಮನೆಗೆ ಒಯ್ದದ್ದು ನೆನಪಾಗಿ ತನಗೆ ತಾನೇ ಬೈದುಕೊಂಡಳು.

"ನಿಮ್ಮ ಲ್ಯಾಬಿನ ಲೆಕ್ಕದಾಗ ಇದು ಯಾವ ಸಾಲಿಗೆ ಬರ್ತೈತಿ?" ಎಂದು ಕೇಳಿದ ದೊಡ್ಡಪ್ಪ, ಗಾಡಿಯ ತಗಡಿಗೆ ಬೆರಳ ಗೆಣ್ಣಿನಿಂದ ಬಡಿಯುತ್ತ. "ಸತ್ತ ಕಾಳೇನ?"

ಬೆಂಡೆ ಬೀಜದ ಸುರುಳಿ ಬಿಚ್ಚಿದಾಗ ಕೆಲವು ಕಾಳು ಇಟ್ಟ ಹಾಗೆಯೇ ಇರುತ್ತವೆ. ನೀರು ಕುಡಿದಿರುವುದಿಲ್ಲ, ಕೊಳೆತೂ ಇರುವುದಿಲ್ಲ. ಅವಕ್ಕೆ ಬೇರೆ ಅಂಕಣವಿದೆ. "ಗಟ್ಟಿ ಕಾಳು," ಎಂದೆ.

"ಹಂಗಾರ ಪಟ್ಟಿ ಮಾಡು."

ಡೈರಿಯ ಹೊಸ ಪುಟ ತೆಗೆದು ದಿನಾಂಕ ಬರೆದೆ. ವಯರಿಂಗಿಗಿಂತ ಮೊದಲು, ಹಾಸಿಗೆಗಿಂತ ಮೊದಲು, ಒಂದನೆಯ ಸಾಲು ಬರೆದು ಚೀಲದಿಂದ ಜಾಲರಿ ತೆಗೆದೆ. ಸುತ್ತಿದ ಪತ್ರಿಕೆ ಹಳದಿಯಾಗಿತ್ತು. ದಾವಲಸಾಬರ ಹತ್ತಿರ ನಾಲ್ಕು ಸ್ಕ್ರೂ ಕೇಳಿ ತಂದೆ. ಮತ್ತೆ ಕಟ್ಟೆಯ ಕೆಳಗೆ ಅರ್ಧ ಒಳಗೆ ಅರ್ಧ ಹೊರಗೆ ಮಲಗಿ, ಕಣ್ಣು ಮೂಗಿಗೆಲ್ಲ ಕೆಂಪು ಪುಡಿ ಬೀಳುತ್ತಿದ್ದಂತೆ, ನಾಲ್ಕೂ ಮೂಲೆ ಬಿಗಿದೆ. ಮೂರು ಸೀನು ಬಂದವು. ಸರಿದು ಜಾಗ ಬಿಟ್ಟೆ.

ದೊಡ್ಡಪ್ಪ ಬಾಗಿಲ ಕಂಬಿ ಹಿಡಿದು ಹತ್ತಿ ಬಂದ. ಮೊಣಕಾಲೂರಿ ತೋಳು ಚಾಚಿದ. ಈಗ ಬಗ್ಗಬಾರದೆಂಬ ನಿರ್ಬಂಧವಿರಲಿಲ್ಲ, ಆದರೂ ಮುಖ ಮೇಲೆ ಮಾಡಿಯೇ ಇದ್ದ.

"ಒಂದು. ಸಿಂಕಿನ ತಳದ ತೂತು, ಜಾಲರಿ," ಎಂದು ಓದಿದೆ.

ಅವನ ಬೆರಳು ಜಾಲರಿಯ ಅಂಚಿನ ಗುಂಟ ಒಂದು ಸುತ್ತು ಹೋಯಿತು. ಕೈ ಹೊರಗೆ ತೆಗೆದು ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡ.

"ಚುಚ್ಚತೈತಿ," ಎಂದ. ಆಮೇಲೆ, "ರೈಟ್."